ಕೊಂದ್ಬಿಡ್ತೀನಿ ಅಂದದ್ದು

ಮಾರ್ಚ್ ೩, ಮಂಗಳವಾರ

ಬಾಯಿ ಬಿಡುವಂತಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದಾರೆ. ಕೆಳದವಡೆ ಬಿರುಕು ಬಿಟ್ಟಿದೆಯಂತೆ, ಮುಂದಿನ ಹಲ್ಲೊಂದು ಹೋಗಿದೆ. ನೀರು, ನೋವು, ಬಚ್ಚಲು ಎಂದು ಬರೆದು ತೋರಿಸಲು ನರ್ಸಮ್ಮ ಈ ನೋಟ್‌ಬುಕ್ ಕೊಟ್ಟಿದ್ದಾಳೆ. ಹಿಂದಿನ ಹಾಳೆಗಳಿಂದ ಶುರುಮಾಡಿ ನನಗಾಗಿ ಬರೆದುಕೊಳ್ಳುತ್ತಿದ್ದೇನೆ. ಆಡಲಾಗದ ಮಾತು ಎಲ್ಲಾದರೂ ಹೋಗಬೇಕಲ್ಲ.

ಹೊಡೆದವನು ನನ್ನ ಒಡಹುಟ್ಟಿದವನು. ಈ ಪುಸ್ತಕದಲ್ಲಿ ಅವನನ್ನು ಅಣ್ಣ ಎಂದು ಬರೆಯುವುದಿಲ್ಲ. ಪೊಲೀಸಿನವರು ‘ಆರೋಪಿ’ ಎಂದರು. ನನಗೂ ಅದೇ ಸಾಕು.

ಬೆಳಿಗ್ಗೆ ಒಬ್ಬ ಪೊಲೀಸು, ವಯಸ್ಸಾದವರು, ಹಾಸಿಗೆಯ ಪಕ್ಕ ಕೂತು ಕೇಳಿದ್ದಕ್ಕೆಲ್ಲ ಹಾಳೆಯಲ್ಲಿ ಉತ್ತರ ಬರೆದುಕೊಟ್ಟೆ.

“ಹೊಡಿಯೋವಾಗ ಏನಾದ್ರೂ ಅಂದ್ರಾ?”

‘ನಿನ್ನನ್ನು ಕೊಂದುಬಿಡುತ್ತೇನೆ ಎಂದು ಹೇಳಿ ಸುತ್ತಿಗೆಯನ್ನು ಎಸೆದನು’ ಎಂದು ಬರೆದೆ.

ಅವರು ಅದನ್ನು ಎರಡು ಸಲ ಓದಿದರು. “ಅಕ್ಷರ ಮುತ್ತು ಪೋಣಿಸಿದ ಹಾಗಿದೆಯಮ್ಮ” ಎಂದರು. ಅಷ್ಟು ನೋವಿನಲ್ಲೂ ಹೊಗಳಿಕೆ ಹಿತವಾಯಿತು. ಶಾಲೆಯಲ್ಲಿ ನನ್ನ ಪ್ರಬಂಧಗಳನ್ನೇ ತರಗತಿಗೆಲ್ಲ ಓದಿಸುತ್ತಿದ್ದರು. ವ್ಯಾಕರಣ ತಪ್ಪುವವಳಲ್ಲ ನಾನು.

ಮಾರ್ಚ್ ೬, ಶುಕ್ರವಾರ

ಆದದ್ದು ಇಷ್ಟು. ಒಂದು ಸಲ ಬರೆದುಬಿಟ್ಟರೆ ತಲೆಯೊಳಗೆ ತಿರುಗುವುದು ನಿಲ್ಲಬಹುದು.

ನಮ್ಮದು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ, ಹೊಸ ಫೋಮ್ ಹಾಕಿಕೊಡುವ ಅಂಗಡಿ. ಅಪ್ಪನದು. ಅಪ್ಪ ಹೋದಮೇಲೆ ನಾವಿಬ್ಬರೂ ನಡೆಸುತ್ತಿದ್ದೇವೆ. ಅವನು ಚೌಕಟ್ಟು, ಸ್ಪ್ರಿಂಗು ನೋಡಿಕೊಳ್ಳುತ್ತಾನೆ, ನಾನು ಕತ್ತರಿ, ಹೊಲಿಗೆ. ಮೊಳೆ ಹೊಡೆಯುವುದು ಇಬ್ಬರೂ. ಅಂಗಡಿಯ ಹಿಂದೆ ಅವನ ಸಂಸಾರ, ಮೇಲಿನ ಕೋಣೆ ನನ್ನದು.

ಅಂಗಡಿಯ ಮೂಲೆಯಲ್ಲಿ ಅಮ್ಮನ ಕುರ್ಚಿ. ಹಸಿರು ವೆಲ್ವೆಟ್ಟಿನದು. ಅಮ್ಮ ತೀರಿಕೊಂಡು ವರ್ಷವಾದರೂ ಅವಳು ಕೂತ ಗುಳಿ ಹಾಗೇ ಇತ್ತು. ದಿನವೂ ಆ ಗುಳಿ ನೋಡಿಕೊಂಡು ಕೆಲಸ ಮಾಡುವುದು ನನ್ನಿಂದ ಆಗಲಿಲ್ಲ. ಅವನು ಸೋಫಾ ತಲುಪಿಸಲು ಹೋಗಿದ್ದಾಗ ಕುರ್ಚಿಯನ್ನು ಬಿಚ್ಚಿಹಾಕಿದೆ. ಬಟ್ಟೆ ಹರಿದು ಬಂತು, ಫೋಮ್ ಪುಡಿಪುಡಿಯಾಗಿತ್ತು. ಎಲ್ಲ ಗುಡಿಸಿ ಕಸದ ಚೀಲಕ್ಕೆ ತುಂಬಿದೆ.

ಅವನು ಬಂದು ಬರೀ ಚೌಕಟ್ಟು ನೋಡಿದ. “ಯಾರನ್ನ ಕೇಳಿ ಮಾಡ್ದೆ?”

“ಸ್ಪ್ರಿಂಗ್ ಚುಚ್ಚುತ್ತಿತ್ತು.”

“ಯಾರಿಗೆ ಚುಚ್ಚುತ್ತಿತ್ತು? ಯಾರು ಕೂರ್ತಾರೆ ಅದ್ರಲ್ಲಿ?”

“ಅದಕ್ಕೇ ಬಿಚ್ಚಿದೆ. ಎಷ್ಟು ದಿನ ಅಂತ ಪೂಜೆ ಮಾಡ್ತೀಯ ಕುರ್ಚೀನ?”

ಆಗ ಆ ಮಾತು ಅಂದ. ಅವನ ಕೈಯಲ್ಲಿ ಅಪ್ಪನ ಸುತ್ತಿಗೆ ಇತ್ತು. ಆಮೇಲೆ ಅದು ಅವನ ಕೈಯಲ್ಲಿರಲಿಲ್ಲ. ಪಕ್ಕದ ಗಾಜಿನಂಗಡಿಯವರು ಪೊಲೀಸಿಗೆ ಫೋನ್ ಮಾಡಿದರಂತೆ. ಒಳ್ಳೆಯದೇ ಮಾಡಿದರು.

ಮಾರ್ಚ್ ೧೪, ಶನಿವಾರ

ಮನೆಗೆ ಬಂದೆ. ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ಹೊತ್ತುಹೊತ್ತಿಗೆ ಗಂಜಿ ಬಸಿದು, ಹೀರುವ ಕೊಳವೆ ಹಾಕಿ, ಮೆಟ್ಟಿಲ ಮೇಲಿಟ್ಟು ಹೋಗುತ್ತಾಳೆ. ಗಂಜಿಗೆ ಉಪ್ಪು ಸರಿಯಾಗಿರುತ್ತದೆ. ಸಿಟ್ಟಿನಲ್ಲೂ ಉಪ್ಪು ತಪ್ಪದವಳು ನಮ್ಮತ್ತಿಗೆ.

ಸಂಜೆ ಮೆಟ್ಟಿಲ ಬುಡದಲ್ಲೇ ನಿಂತು ಹೇಳಿದಳು. “ಕೊಲೆಯತ್ನ ಅಂತ ಕೇಸ್ ಹಾಕಿದ್ದಾರೆ. ಜಾಮೀನು ಕೊಡಲ್ಲ ಅಂದ್ರಂತೆ. ಹತ್ತು ವರ್ಷ ಆಗಬಹುದಂತೆ. ಗಾಯ ಆಗಿರೋದ್ರಿಂದ ಜೀವಾವಧಿನೂ ಕೊಡಬಹುದಂತೆ. ಸಂತೋಷಾನಾ?”

ಉತ್ತರ ಬರೆಯಲು ಪುಸ್ತಕ ತೆಗೆಯುವಷ್ಟರಲ್ಲಿ ಒಳಗೆ ಹೋಗಿದ್ದಳು.

ಒಂದು ಹಲ್ಲಿಗೆ ನಾಲ್ಕಾರು ತಿಂಗಳು ಎಂದುಕೊಂಡಿದ್ದೆ ನಾನು. ಬುದ್ಧಿ ಬರಲಿ ಎಂದುಕೊಂಡಿದ್ದೆ. ಹತ್ತು ವರ್ಷ ಎಂದರೆ ಅವನ ಮಗಳ ಶಾಲೆ ಮುಗಿದಿರುತ್ತದೆ.

ಏಪ್ರಿಲ್ ೨, ಗುರುವಾರ

ಸರ್ಕಾರಿ ವಕೀಲೆಯನ್ನು ನೋಡಿಬಂದೆ. ಕೋರ್ಟಿನ ಹಿಂಭಾಗದಲ್ಲಿ ಸಣ್ಣ ಕೋಣೆ, ಫ್ಯಾನು ಕಿರುಗುಟ್ಟುತ್ತದೆ. ಆಕೆಯದು ನನ್ನದೇ ವಯಸ್ಸು. ನನ್ನ ಬಾಯಿ ನೋಡಿ ಮರುಗಿದರು, ನೀರು ಕೊಟ್ಟರು, ಕೊಳವೆಯನ್ನೂ ತಾವೇ ಹುಡುಕಿ ತಂದರು.

‘ನಾನು ಕೇಸು ವಾಪಸ್ ತೆಗೆದುಕೊಳ್ಳಬಹುದೇ?’ ಎಂದು ಬರೆದೆ.

“ಇದು ನಿಮ್ಮ ಕೇಸಲ್ಲಮ್ಮ. ಸರ್ಕಾರದ್ದು. ನೀವು ಸಾಕ್ಷಿ, ಅಷ್ಟೇ.”

ನನ್ನ ಹಲ್ಲು, ನನ್ನ ದವಡೆ, ಕೇಸು ಮಾತ್ರ ಸರ್ಕಾರದ್ದು. ಬಾಯಿ ಕಟ್ಟಿದ್ದರಿಂದ ಬಚಾವಾದರು, ಇಲ್ಲದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಆಕೆ ಸಮಾಧಾನದಿಂದ ಬಿಡಿಸಿ ಹೇಳಿದರು. ಬರೀ ಪೆಟ್ಟು ಎಂದರೆ ಒಂದು ವರ್ಷದೊಳಗೆ ಮುಗಿಯುತ್ತದೆ. ಹಲ್ಲೋ ಮೂಳೆಯೋ ಮುರಿದರೆ ಅದು ತೀವ್ರ ಗಾಯ, ಏಳು ವರ್ಷದವರೆಗೂ ಹೋಗಬಹುದು. ಕೊಲ್ಲುವ ಉದ್ದೇಶ ಇತ್ತು ಎಂದಾದರೆ ಲೆಕ್ಕವೇ ಬೇರೆ. “ಉದ್ದೇಶ ಮನಸ್ಸಿನೊಳಗೆ ಇರುತ್ತೆ, ಅದನ್ನ ಯಾರೂ ನೋಡೋಕಾಗಲ್ಲ. ಎಲ್ಲ ಕಡೆ ತಿಣುಕಾಡ್ತೀವಿ. ಇಲ್ಲಿ ಮಾತ್ರ ಆರೋಪಿನೇ ಬಾಯ್ಬಿಟ್ಟು ಹೇಳಿದ್ದಾರೆ, ನೀವು ಬರೆದುಕೊಟ್ಟಿದ್ದೀರಿ. ನಿಮ್ಮ ಈ ಒಂದು ಸಾಲಿನ ಮೇಲೇ ನಿಂತಿದೆ” ಎಂದು ನನ್ನ ಹಾಳೆಯ ನಕಲನ್ನು ಮುಂದಿಟ್ಟರು.

ಆ ಸಾಲನ್ನು ನೋಡಿದೆ. ಒಂದು ಒತ್ತೂ, ಒಂದು ದೀರ್ಘವೂ ತಪ್ಪಿಲ್ಲ. ಯಾರೋ ಗೊತ್ತಿಲ್ಲದವನು ಆಡಿದ ಮಾತಿನಂತೆ ಕಂಡಿತು.

ಏಪ್ರಿಲ್ ೨೦, ಸೋಮವಾರ

ತಂತಿ ಬಿಚ್ಚಿದರು. “ಏನಾದ್ರೂ ಮಾತಾಡಿ ನೋಡೋಣ” ಎಂದರು ಡಾಕ್ಟರು. ಏನು ಮಾತಾಡುವುದೋ ತೋಚದೆ ಒಂದು, ಎರಡು, ಮೂರು ಎಂದು ಎಣಿಸಿದೆ.

ಮನೆಗೆ ಬಂದು ಕೆಲಸಕ್ಕೆ ಕೂತೆ. ನಾವು ಸಣ್ಣ ಮೊಳೆಗಳನ್ನು ಬಾಯಲ್ಲಿ ಹಾಕಿಕೊಂಡು, ನಾಲಿಗೆಯಿಂದ ಒಂದೊಂದಾಗಿ ತಿರುಗಿಸಿ ತುಟಿಗೆ ತರುತ್ತೇವೆ. ಸುತ್ತಿಗೆಯ ತುದಿಯ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಒಂದು ಕೈ ಬಟ್ಟೆ ಹಿಡಿದಿರುತ್ತದೆ, ಒಂದು ಕೈ ಸುತ್ತಿಗೆ, ಮೂರನೆಯ ಕೈ ಬಾಯಿ ಎನ್ನುತ್ತಿದ್ದ ಅಪ್ಪ. ಇವತ್ತು ಹಾಕಿಕೊಂಡ ಮೊಳೆಗಳೆಲ್ಲ ಹಲ್ಲಿನ ಸಂದಿಯಿಂದ ಉದುರಿಹೋದವು.

ಬಗ್ಗಿ ಆರಿಸಿಕೊಳ್ಳುವಾಗ ಬೀದಿಯ ಬೆಕ್ಕು ಒಳಗೆ ಬಂದು ಹೊಸ ಫೋಮಿನ ಮೇಲೆ ಉಗುರು ಮಸೆಯತೊಡಗಿತು. “ಏಯ್, ಇಳೀತೀಯೋ ಇಲ್ವೋ, ಕೊಂದ್ಬಿಡ್ತೀನಿ ನಿನ್ನ!” ಎಂದೆ. ಬೆಕ್ಕು ನನ್ನನ್ನು ನೋಡಿ ಆಕಳಿಸಿತು. ನಾನು ಮೊಳೆ ಬಿಟ್ಟು ನೆಲದಲ್ಲೇ ಕೂತುಬಿಟ್ಟೆ.

ಅಮ್ಮ ನಮ್ಮನ್ನು ದಿನಕ್ಕೆ ಎಷ್ಟು ಸಲ ಕೊಲ್ಲುತ್ತಿದ್ದಳು! ಊಟಕ್ಕೆ ಬರ್ತೀರೋ ಕೊಲ್ಲಲೋ. ಮಳೇಲಿ ನೆಂದ್ರೆ ಕೊಂದ್ಬಿಡ್ತೀನಿ. ಜ್ವರ ಬಂದಾಗ ರಾತ್ರಿಯೆಲ್ಲ ಕೂತು ಹಣೆಗೆ ಬಟ್ಟೆ ಹಾಕಿ, ಬೆಳಿಗ್ಗೆ ಜ್ವರ ಇಳಿದ ಮೇಲೆ, “ಇನ್ನೊಂದ್ಸಲ ಹೀಗೆ ಹೆದರಿಸಿದ್ರೆ ಸಾಯಿಸಿಬಿಡ್ತೀನಿ ನಿನ್ನ” ಎಂದು ಅತ್ತಿದ್ದಳು. ಅಮ್ಮನಿಂದ ಆ ಮಾತು ಅಣ್ಣನ ಬಾಯಿಗೆ ಬಂತು. ನಾನು ಕತ್ತರಿ ಹಿಡಿದ ಮೊದಲ ದಿನವೇ, “ವೆಲ್ವೆಟ್ ಉಲ್ಟಾ ಕತ್ತರಿಸಿದ್ರೆ ನಿನ್ನ ಕೊಂದ್ಬಿಡ್ತೀನಿ” ಎಂದಿದ್ದ. ವೆಲ್ವೆಟ್ಟಿಗೆ ದಿಕ್ಕಿದೆ. ಮೇಲಿಂದ ಕೆಳಕ್ಕೆ ಸವರಿದರೆ ನುಣುಪು, ಎದುರಾಗಿ ಸವರಿದರೆ ಒರಟು, ಬಣ್ಣವೂ ಕಪ್ಪಿಡುತ್ತದೆ. ಆ ದಿಕ್ಕಿನ ವಿಷಯದಲ್ಲಿ ಅಣ್ಣನಷ್ಟು ಹಟಮಾರಿ ಇನ್ನೊಬ್ಬನಿಲ್ಲ.

‘ನಿನ್ನ ಕೊಂದ್ಬಿಡ್ತೀನಿ.’ ಅವನು ಅಂದದ್ದು ಇದು. ನಾನು ಬರೆದದ್ದು ‘ನಿನ್ನನ್ನು ಕೊಂದುಬಿಡುತ್ತೇನೆ.’ ಶಾಲೆಯ ಹುಡುಗಿಯ ಹಾಗೆ ತಿದ್ದಿ ಬರೆದೆ.

ಮೇ ೧೨, ಮಂಗಳವಾರ

ಜೈಲಿಗೆ ಹೋಗಿದ್ದೆ. ಅತ್ತಿಗೆಗೆ ಹೇಳಲಿಲ್ಲ. ಕಬ್ಬಿಣದ ಬೆಂಚಿನ ಮೇಲೆ ಬಹಳ ಹೊತ್ತು ಕೂರಿಸಿದರು. ಬೆಂಚಿನ ಮೇಲೆ ಹಾಸಿದ ರೆಕ್ಸಿನ್ ಹರಿದಿತ್ತು, ಅಂಚು ಮಡಚದೆ ಮೊಳೆ ಹೊಡೆದಿದ್ದರು. ಅಣ್ಣ ನೋಡಿದ್ದರೆ ಅಲ್ಲೇ ಬಿಚ್ಚಲು ಶುರುಮಾಡುತ್ತಿದ್ದ.

ಕಾವಲಿನವ ಬಂದು, “ಬರಲ್ಲ ಅಂತಾರಮ್ಮ” ಎಂದ.

“ಯಾರು ಬಂದಿರೋದು ಅಂತ ಹೇಳಿದ್ರಾ?”

“ತಂಗಿ ಅಂತ ಹೇಳಿದ ಮೇಲೇ ಬರಲ್ಲ ಅಂದಿದ್ದು.”

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಹಲ್ಲುನೋವಾ ಎಂದು ಕೇಳಿದರು. ಹೌದೆಂದೆ.

ಜೂನ್ ೯, ಮಂಗಳವಾರ

ಆರು ಊಟದ ಕುರ್ಚಿ ಮುಗಿಸಿದೆ. ಇನ್ನೇನೂ ಇಲ್ಲ.

ಜೂನ್ ೧೧, ಗುರುವಾರ

ಇದೆ. ಅಣ್ಣ ಸ್ಪ್ರಿಂಗು ಕಟ್ಟುವಾಗ ಮೂಗಿನಲ್ಲೇ ಏನೋ ಹಾಡುತ್ತಿದ್ದ. ರಾಗವಿಲ್ಲ, ತಾಳವಿಲ್ಲ, ಹಾಡು ಯಾವುದೆಂದು ಅವನಿಗೂ ಗೊತ್ತಿಲ್ಲ. ಎಷ್ಟೋ ಸಲ ಬಾಯ್ಮುಚ್ಚು ಎಂದು ಬಟ್ಟೆಯ ಚೂರು ಎಸೆದಿದ್ದೇನೆ. ಈಗ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೇನಿಲ್ಲ. ರೇಡಿಯೋ ಹಾಕಿದೆ. ರೇಡಿಯೋದವರು ಸರಿಯಾಗಿ ಹಾಡುತ್ತಾರೆ, ಅದಕ್ಕೇ ಆರಿಸಿಬಿಟ್ಟೆ.

ಮಧ್ಯಾಹ್ನ ಚಹಾಕ್ಕೆ ಎರಡು ಲೋಟ ತೊಳೆದೆ. ಇದು ಎಷ್ಟನೆಯ ಸಲವೋ. ಅವನು ಬೇಕು ನನಗೆ. ಹೊಡೆದವನೇ ಆಗಲಿ, ಬೇಕು.

ಜುಲೈ ೧೬, ಗುರುವಾರ

ಇವತ್ತು ಅತ್ತಿಗೆ ಗಂಜಿ ಮೆಟ್ಟಿಲ ಮೇಲಿಡದೆ ಕೋಣೆಯೊಳಗೆ ತಂದಳು. ನನಗೆ ಗಂಜಿ ಬೇಕಾಗಿಲ್ಲ ಎಂದು ಇಬ್ಬರಿಗೂ ಗೊತ್ತು. ಅನ್ನ ತಿನ್ನತೊಡಗಿ ಎಷ್ಟೋ ದಿನವಾಯಿತು. ಆದರೂ ಅವಳು ಬಸಿಯುತ್ತಾಳೆ, ನಾನು ಕುಡಿಯುತ್ತೇನೆ.

“ಜೈಲಿಗೆ ಹೋಗ್ತೀಯಂತೆ, ಪ್ರತಿ ತಿಂಗಳೂ.”

“ಬರಲ್ಲ ಅಂತಾನೆ.”

“ನಿನ್ನ ಬಾಯಿ ನೋಡೋ ಧೈರ್ಯ ಇಲ್ವಂತೆ. ನನ್ನ ಹತ್ರ ಅಂದ.” ಕಿಟಕಿಯ ಕಟ್ಟೆಯ ಮೇಲೆ ಕೂತಳು. ನಾನು ಆ ಸಾಲಿನ ವಿಷಯ ಹೇಳಿದೆ. ಆಡಿದ್ದೊಂದು, ಬರೆದದ್ದೊಂದು ಎಂದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳಿಗೆ ನಗು ಬಂತು.

“ಮದುವೆಯಾಗಿ ನಾಲ್ಕನೇ ದಿನ ಏಳೋದು ತಡವಾಯ್ತು. ನಿಮ್ಮಮ್ಮ ಬಾಗಿಲು ಬಡಿದು, ‘ಏಳ್ತೀಯೇನೇ, ಬಂದು ಕೊಲ್ಲಲಾ?’ ಅಂದ್ರು. ನಮ್ಮನೇಲಿ ಬೆಕ್ಕಿಗೂ ಹಾಗನ್ನಲ್ಲ. ನಾನು ಸೀದಾ ಪೆಟ್ಟಿಗೆಗೆ ಬಟ್ಟೆ ತುಂಬ್ಕೊಂಡೆ. ನಿಮ್ಮಣ್ಣ ಪೆಟ್ಟಿಗೆ ಮೇಲೆ ಕೂತು, ‘ಅದು ಬೈಗುಳ ಅಲ್ವೇ, ನೀನೂ ಮನೆಯವಳಾದೆ ಅಂತ ಅರ್ಥ’ ಅಂದ.”

ಇಬ್ಬರೂ ನಕ್ಕೆವು. ನನ್ನ ನಗು ಸಂದಿಯಿಂದ ಸಿಳ್ಳೆಯಾಗಿ ಬಂತು, ಅದಕ್ಕೆ ಮತ್ತೂ ನಗು. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಕೋರ್ಟಲ್ಲಿ ಬೇಕಾದ್ರೆ ನಾನೂ ಹೇಳ್ತೀನಿ” ಎಂದಳು.

ಆಗಸ್ಟ್ ೨೭, ಗುರುವಾರ

ಇವತ್ತು ನನ್ನ ಸಾಕ್ಷಿ.

ಅಣ್ಣ ಕಟಕಟೆಯಲ್ಲಿದ್ದ. ತೆಳ್ಳಗಾಗಿದ್ದಾನೆ. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿ ನಿಂತಿತ್ತು, ಎರಡು ಹೊಲಿಗೆ ಹಾಕಿಕೊಡೋಣ ಎನಿಸಿತು. ತಲೆ ಎತ್ತಲಿಲ್ಲ.

ಮೇಜಿನ ಮೇಲೆ ಅರಗಿನ ಮುದ್ರೆ ಹಾಕಿದ ಬಟ್ಟೆಯ ಚೀಲ. ಬಿಚ್ಚಿದರು. ಅಪ್ಪನ ಸುತ್ತಿಗೆ. ಹಿಡಿಯಲ್ಲಿ ಅಪ್ಪನ ಹೆಬ್ಬೆರಳು, ಅಣ್ಣನ ಹೆಬ್ಬೆರಳು, ನನ್ನದು, ಮೂರೂ ಸೇರಿ ಸವೆಸಿದ ಜಾಗ ಹೊಳೆಯುತ್ತಿತ್ತು. ಅದನ್ನು ಗುರುತಿಸುತ್ತೀರಾ ಎಂದು ಕೇಳಿದರು. ಗುರುತಿಸದೆ!

ಗುಮಾಸ್ತರು ನನ್ನ ಹೇಳಿಕೆ ಓದಿದರು. ‘ನಿನ್ನನ್ನು ಕೊಂದುಬಿಡುತ್ತೇನೆ ಎಂದು ಹೇಳಿ...’ ಅವರ ಕಂಠ ಗಂಭೀರ. ನನಗೇ ಭಯವಾಯಿತು.

ಸರ್ಕಾರಿ ವಕೀಲೆ ಎದ್ದರು. “ಇದು ನಿಮ್ಮದೇ ಅಕ್ಷರ ತಾನೇ?”

“ನಂದೇ.”

“ಆರೋಪಿ ಹೀಗಂದದ್ದು ನಿಜ ತಾನೇ?”

“ಇಲ್ಲ. ಅವನು ಹೀಗನ್ನಲಿಲ್ಲ.”

ಆಕೆಯ ಮುಖ ಬಿಗಿಯಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ನೋಡಮ್ಮ, ಪ್ರಮಾಣ ಮಾಡಿದ್ದೀರಿ. ಸುಳ್ಳು ಹೇಳಿದ್ರೆ ನಿಮಗೂ ಶಿಕ್ಷೆ ಆಗುತ್ತೆ. ಹಾಗಾದ್ರೆ ಏನಂದ್ರು?”

“ನಿನ್ನ ಕೊಂದ್ಬಿಡ್ತೀನಿ ಅಂದ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. “ಎರಡಕ್ಕೂ ಏನು ವ್ಯತ್ಯಾಸ?”

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅದೆಲ್ಲ ಮರೆತುಹೋಯಿತು. “ಸ್ವಾಮಿ, ನಮ್ಮಮ್ಮ ಊಟಕ್ಕೆ ಕರೀತಿದ್ದದ್ದೇ ಹಾಗೆ. ಬರ್ತೀರೋ ಕೊಲ್ಲಲೋ ಅಂತ. ನಾನು ಬೆಕ್ಕಿಗೂ ಅಂತೀನಿ. ಅಣ್ಣ ನನಗೆ ಚಿಕ್ಕಂದಿನಿಂದ ಹಾಗಂತಾನೇ ಬಂದಿದ್ದಾನೆ. ಆದ್ರೆ ‘ನಿನ್ನನ್ನು ಕೊಂದುಬಿಡುತ್ತೇನೆ’ ಅಂತ ನಮ್ಮನೇಲಿ ಯಾರೂ ಯಾರಿಗೂ ಅಂದಿಲ್ಲ. ಹಾಗೇನಾದ್ರೂ ಅಂದಿದ್ರೆ ಸುತ್ತಿಗೆ ಬರೋಕ್ ಮುಂಚೆನೇ ನಾನು ಓಡಿಹೋಗ್ತಿದ್ದೆ. ಓಡ್ಲಿಲ್ಲ. ಅಲ್ಲೇ ನಿಂತು ವಾದ ಮಾಡ್ತಿದ್ದೆ.”

‘ಸ್ವಾಮಿ’ ಎಂದಾಗ ಸಿಳ್ಳೆ ಬಂತು. ನಾಚಿಕೆಯಾಯಿತು.

ನ್ಯಾಯಾಧೀಶರು ಟೈಪಿಸ್ಟಿಗೆ, “ಏನು ಬರ್ಕೊಂಡ್ರಿ, ಓದಿ” ಎಂದರು. ಆತ ಓದಿದ: “ಆರೋಪಿಯು ತನ್ನನ್ನು ಕೊಂದುಬಿಡುವುದಾಗಿ ಹೇಳಿದನೆಂದು ಸಾಕ್ಷಿಯು ನುಡಿಯುತ್ತಾರೆ.”

“ಅದೇ ಸ್ವಾಮಿ! ನಾನೂ ಅದನ್ನೇ ಮಾಡಿದ್ದು!” ಎಂದು ಕೂಗಿಬಿಟ್ಟೆ.

“ಅವರು ಅಂದ ಹಾಗೇ ಟೈಪ್ ಮಾಡಿ” ಎಂದರು ನ್ಯಾಯಾಧೀಶರು.

“ಹಾಗೆ ಬರೆದ್ರೆ ವ್ಯಾಕರಣ ತಪ್ಪಾಗುತ್ತೆ ಸರ್.”

“ಆಗ್ಲಿ ಬಿಡಿ.”

ಆಮೇಲೆ ನನ್ನನ್ನು ಕೇಳಿದರು. “ಸುತ್ತಿಗೆ ಎಸೆದದ್ದು?”

“ಎಸೆದ. ನಾನಿದ್ದ ಕಡೆಗೇ ಎಸೆದ. ಮುಖಕ್ಕೇ ಗುರಿ ಇಟ್ಟಿದ್ನೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಹೇಳಲ್ಲ. ನನ್ನ ಹಲ್ಲು ಹೋಯ್ತು, ಎಂಟು ವಾರ ಅನ್ನ ತಿನ್ನಲಿಲ್ಲ. ಅದಕ್ಕೆ ಏನು ಶಿಕ್ಷೆನೋ ಅದು ಕೊಡಿ. ಮಾತಿಗೆ ಕೊಡಬೇಡಿ.”

ಆಗ ಅಣ್ಣ ತಲೆ ಎತ್ತಿದ. ನನ್ನ ಕಣ್ಣು ನೋಡಲಿಲ್ಲ. ಬಾಯಿ ನೋಡಿದ.

ಸೆಪ್ಟೆಂಬರ್ ೨೨, ಮಂಗಳವಾರ

ತೀರ್ಪಾಯಿತು. ಕೊಲೆಯತ್ನ ಅಲ್ಲ ಎಂದರು. ಸಿಟ್ಟಿನ ಭರದಲ್ಲಿ ಮಾಡಿದ ತೀವ್ರ ಗಾಯ ಎಂದರು. ಒಂಬತ್ತು ತಿಂಗಳು, ಒಳಗಿದ್ದದ್ದೂ ಸೇರಿ. ಅತ್ತಿಗೆ ಮೊನ್ನೆ ತನ್ನ ಸಾಕ್ಷಿಯಲ್ಲಿ, “ನಮ್ಮತ್ತೆ ಮೊದಲ ವಾರದಲ್ಲೇ ನನ್ನ ಮೂರು ಸಲ ಕೊಂದಿದ್ರು” ಎಂದು ಹೇಳಿ ಕೋರ್ಟನ್ನೇ ನಗಿಸಿದ್ದಳು. ಇವತ್ತು ತೀರ್ಪು ಕೇಳಿ ನನ್ನ ಭುಜಕ್ಕೆ ಹಣೆ ಹಚ್ಚಿ ಅತ್ತಳು.

ಡಿಸೆಂಬರಿಗೆ ಅಣ್ಣ ಮನೆಗೆ ಬರುತ್ತಾನೆ! ಅಮ್ಮನ ಕುರ್ಚಿಯ ಚೌಕಟ್ಟು ತೆಗೆದು ಒರೆಸಿದೆ. ಹೊಸ ಪಟ್ಟಿ, ಹೊಸ ಸ್ಪ್ರಿಂಗು ಹಾಕುತ್ತೇನೆ. ಹಸಿರು ವೆಲ್ವೆಟ್ಟು ಅದೇ ಬಣ್ಣದ್ದು ಸಿಗುವವರೆಗೆ ಹುಡುಕುತ್ತೇನೆ.

ಡಿಸೆಂಬರ್ ೪, ಶುಕ್ರವಾರ

ಅಣ್ಣ ಬಂದು ಎರಡು ದಿನವಾಯಿತು. ಬರೆಯಲು ಕೂತಿದ್ದೇನೆ, ಏನು ಬರೆಯುವುದೋ ತಿಳಿಯುತ್ತಿಲ್ಲ.

ಚೆನ್ನಾಗಿದ್ದಾನೆ. ಬಹಳ ಚೆನ್ನಾಗಿದ್ದಾನೆ, ಅದೇ ತೊಂದರೆ. “ಕತ್ತರಿ ಕೊಡ್ತೀಯಾಮ್ಮ?” ಎನ್ನುತ್ತಾನೆ. ಕೊಟ್ಟರೆ ಥ್ಯಾಂಕ್ಸ್ ಎನ್ನುತ್ತಾನೆ. ನಮ್ಮಂಗಡಿಯಲ್ಲಿ ಗಿರಾಕಿಗಳಿಗೆ ಬಿಟ್ಟು ಯಾರಿಗೂ ಥ್ಯಾಂಕ್ಸ್ ಹೇಳಿದವರಿಲ್ಲ. ಮಗಳು ಹೊಸ ಫೋಮಿನ ಮೇಲೆ ಚಪ್ಪಲಿ ಕಾಲಿಟ್ಟಳು. ಇವನು ನೋಡಿದ, ಸುಮ್ಮನೆ ಅವಳನ್ನೆತ್ತಿ ಕೆಳಗಿಳಿಸಿದ.

ಇವತ್ತು ಬೆಳಿಗ್ಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ. ಹೊಸ ಸುತ್ತಿಗೆ, ಅಪ್ಪನದು ಇನ್ನೂ ವಾಪಸ್ ಬಂದಿಲ್ಲ. ಅವನು ಎತ್ತಿದ್ದಷ್ಟೇ, ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಹೋಯಿತು. ನನಗೆ ಹೆದರಿಕೆಯೇನೂ ಆಗಿರಲಿಲ್ಲ. ಕಾಲಿಗೆ ಆಗಿತ್ತು. ಅಣ್ಣ ನೋಡಿಬಿಟ್ಟ. ಅಲ್ಲಿಂದಾಚೆಗೆ ನನ್ನ ಜೊತೆ ಮಾತಾಡಬೇಕಾದಾಗಲೆಲ್ಲ ಮೊದಲು ಸುತ್ತಿಗೆಯನ್ನು ಬೆಂಚಿನ ಮೇಲೆ ಇಡುತ್ತಾನೆ, ಕೈ ಒರೆಸಿಕೊಳ್ಳುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಹಾಡುವುದನ್ನೂ ಬಿಟ್ಟಿದ್ದಾನೆ.

ಮನೆಗೆ ಬಂದವನನ್ನೂ ನೆನೆಸಿಕೊಂಡು ಅಳುವಂತಾಗಿದೆ ನನ್ನ ಪಾಡು.

ಡಿಸೆಂಬರ್ ೧೯, ಶನಿವಾರ

ಅಮ್ಮನ ಕುರ್ಚಿಯ ಬೆನ್ನಿಗೆ ಇವತ್ತು ವೆಲ್ವೆಟ್ಟು ಹಾಕಿದೆ. ಬೇಕೆಂದೇ ಉಲ್ಟಾ ಹಾಕಿದೆ.

ಅಂಚು ಮಡಚಿ, ಮೂಲೆ ತಿದ್ದಿ, ಮೊಳೆ ಸಾಲಾಗಿ ಹೊಡೆದು, ಅವನು ಬೆಳಕಿನಲ್ಲಿ ನೋಡಲಿ ಎಂದು ಬಾಗಿಲ ಹತ್ತಿರ ಎಳೆದು ನಿಲ್ಲಿಸಿದೆ. ಹಸಿರು ಕಪ್ಪಿಟ್ಟು ಕಾಣುತ್ತಿತ್ತು. ಕುರುಡನಿಗೂ ತಿಳಿಯುವಷ್ಟು ತಪ್ಪು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಯಂತ್ರಕ್ಕೆ ದಾರ ಪೋಣಿಸುತ್ತ ಕೂತೆ. ಮೂರು ಸಲ ತುದಿ ಹೊಸೆದರೂ ದಾರ ಹೋಗಲೇ ಇಲ್ಲ.

ಅಣ್ಣ ಸುತ್ತಿಗೆ ಹಿಡಿದುಕೊಂಡೇ ಬಂದ. ಕುರ್ಚಿಯ ಮುಂದೆ ನಿಂತ. ಅಂಗೈಯನ್ನು ಬೆನ್ನಿನ ಮೇಲೆ ಮೇಲಿಂದ ಕೆಳಕ್ಕೆ ಸವರಿದ. ಒರಟು ತಗುಲಿತು. ಇನ್ನೊಂದು ಸಲ ಸವರಿದ. ಅವನ ಕಿವಿ ಕೆಂಪಾಗುವುದನ್ನು ನೋಡಿದೆ. ಎಷ್ಟು ತಿಂಗಳ ಮೇಲೆ ನೋಡಿದೆ ಆ ಕೆಂಪನ್ನು! ನನ್ನ ಕಡೆ ಗಿರ್ರನೆ ತಿರುಗಿದ.

“ನಿನ್ನ...”

ನಾನು ಎದ್ದು ನಿಂತಿದ್ದೆ. ಅನ್ನು ಅಣ್ಣಾ, ಅಂದುಬಿಡು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಆದರೆ ಅವನ ಕೈಯಲ್ಲಿ ಸುತ್ತಿಗೆ ಇತ್ತು, ನನ್ನ ಹಾಳು ಕಾಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು.

ಅಣ್ಣ ನನ್ನ ಕಾಲು ನೋಡಿದ. ಸುತ್ತಿಗೆಯನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. ಕೈಯನ್ನು ಅಂಗಿಗೆ ಒರೆಸಿಕೊಂಡ.

“ನಿನ್ನಿಷ್ಟಮ್ಮ” ಎಂದ. ಒಳಗೆ ಹೋದ.

ಬಹಳ ಹೊತ್ತು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದೆ. ಅತ್ತಿಗೆ ಊಟಕ್ಕೆ ಕರೆದಳು, ಬರ್ತೀನಿ ಎಂದೆ. ‘ನಿನ್ನ’ ಎನ್ನುವ ತನಕ ಬಂದಿದ್ದ ಅಣ್ಣ. ಅಷ್ಟರಮಟ್ಟಿಗೆ ಅದು ಅಮ್ಮನ ಮಾತೇ, ಅದೇ ಏರುದನಿ.

ನಾಳೆ ಸೀಟಿಗೂ ಉಲ್ಟಾ ಹಾಕುತ್ತೇನೆ. ಈ ಸಲ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಕಾಲಿಗೆ ಹಿಂದೆ ಹೋಗಲು ಜಾಗ ಇರಬಾರದು.